ಕಂಬ ಸುತ್ತಿ ಕಲಿತ ಅಕ್ಷರ

ನನಗೊಂದು ಚಟವಿದೆ. ನಿಂತಲ್ಲೇ ನಿಂತು ನಾನು ಏನನ್ನೂ ನೆನಪು ಮಾಡಿಕೊಳ್ಳಲಾರೆ. ಯಾರದಾದರೂ ಹೆಸರು ಮರೆತರೆ, ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟರೆ, ನನ್ನ ಕಾಲು ತಾನಾಗಿಯೇ ಹತ್ತಿರದ ಕಂಬವನ್ನು ಹುಡುಕಿಕೊಂಡು ಹೊರಡುತ್ತದೆ. ಕಂಬಕ್ಕೆ ಬಲಗೈ ಆನಿಸಿ ಒಂದು ಸುತ್ತು ಹಾಕಿದೆನೆಂದರೆ ಮರೆತದ್ದು ಬಂದು ಬಾಯಲ್ಲಿ ಕೂತಿರುತ್ತದೆ. ಮನೆಯಲ್ಲಾದರೆ ಚಿಂತೆಯಿಲ್ಲ, ಪಡಸಾಲೆಯಲ್ಲಿ ಕಂಬಗಳಿವೆ. ಹೊರಗೆ ಹೋದಾಗಲೇ ಪಜೀತಿ.

ಈಚೆಗೆ ಬ್ಯಾಂಕಿಗೆ ಹೋಗಿದ್ದೆ. ಕಿಟಕಿಯ ಹಿಂದಿದ್ದ ಹುಡುಗ, "ನಿಮ್ಮ ಪೂರ್ತಿ ವಿಳಾಸ ಹೇಳ್ರಿ ಅಮ್ಮಾರ" ಅಂದ. ಮನೆ ಬದಲಿಸಿ ಸ್ವಲ್ಪ ದಿನವಾಗಿತ್ತು, ಓಣಿಯ ಹೆಸರು ತಟ್ಟನೆ ಹೊಳೆಯಲಿಲ್ಲ. ಒಂದು ನಿಮಿಷ ಬಂದೆ ಎಂದು ಹೇಳಿ, ನಡುವೆ ಇದ್ದ ದಪ್ಪ ಕಂಬವನ್ನು ಸುತ್ತತೊಡಗಿದೆ. ಬಂದೂಕು ಹಿಡಿದ ಕಾವಲುಗಾರ ಮೊದಲು ದೂರದಿಂದ ನೋಡಿದ, ಆಮೇಲೆ ಹತ್ತಿರ ಬಂದು ಮೆಲ್ಲಗೆ, "ಏನರ ಕಳಕೊಂಡೀರೇನ್ರಿ?" ಎಂದು ಕೇಳಿದ. ಜೊತೆಗಿದ್ದ ಮೊಮ್ಮಗಳು ನಾಚಿಕೆಯಿಂದ ಬಾಗಿಲ ಹೊರಗೆ ಹೋಗಿ ನಿಂತಿದ್ದಳು. ಗಂಗಾವತಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಾಗಲೂ ಇದೇ ಕತೆ. ಇವರು ಪಾಠ ಹೇಳುವಾಗ ನಮಗೆ ಕತ್ತು ನೋಯುತ್ತದೆ ಎಂದು ಹುಡುಗಿಯರು ದೊಡ್ಡ ಬಾಯಿಯವರ ಹತ್ತಿರ, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿಯ ಹತ್ತಿರ, ದೂರು ಕೊಟ್ಟಿದ್ದರು.

ನಿಮಗೂ ನಗು ಬಂದಿರಬಹುದು, ನಗಿ. ಆದರೆ ಇದು ನನ್ನ ತಲೆಯ ದೋಷವಲ್ಲ, ನಾನು ಕಲಿತ ಶಾಲೆಯ ದೋಷ. ದೋಷ ಎನ್ನಲೂ ಮನಸ್ಸು ಬರುವುದಿಲ್ಲ.

ವಿರೂಪಾಪುರಗಡ್ಡೆಯಿಂದ ಹೊಳೆಯ ಗುಂಟ ಕೆಳಗೆ ಬಂದರೆ ನಮ್ಮೂರು. ಆಗ ನಿಜಾಮರ ಕಾಲ. ಎಲ್ಲೋ ದೊಡ್ಡ ಯುದ್ಧ ನಡೆದಿದೆಯೆಂದು ಹೇಳುತ್ತಿದ್ದರು. ನಮ್ಮೂರಿಗೆ ಅದು ತಿಳಿದದ್ದು ಚಿಮಣಿ ಎಣ್ಣೆ ಸಿಗದೆ ಹೋದಾಗ. ಹೊಳೆಯ ಈಚೆ ದಂಡೆ ನಮ್ಮದು, ಆಚೆ ದಂಡೆ ಬಳ್ಳಾರಿ ಸೀಮೆ, ಅಲ್ಲಿ ಇಂಗ್ಲಿಷರ ಸರ್ಕಾರ. ನೀರು ಮಾತ್ರ ಎರಡೂ ಸರ್ಕಾರಗಳಿಗೆ ಒಂದೇ. ಊರ ಮುಂದೆ ದಂಡೆಗೆ ಹತ್ತಿಕೊಂಡೇ ಒಂದು ಕಲ್ಲಿನ ಮಂಟಪವಿತ್ತು. ಯಾವ ಅರಸರು ಕಟ್ಟಿಸಿದ್ದೋ, ಯಾರಿಗಾಗಿ ಕಟ್ಟಿಸಿದ್ದೋ ಊರಲ್ಲಿ ಯಾರಿಗೂ ತಿಳಿಯದು. ಹಗಲು ದನಕಾಯುವವರು ಮಲಗುತ್ತಿದ್ದರು, ಮಾಳಿಗೆಯ ಸಂದಿಗಳಲ್ಲಿ ಬಾವಲಿಗಳು ಜೋತುಬಿದ್ದಿರುತ್ತಿದ್ದವು. ಅದೇ ನಮ್ಮ ಶಾಲೆ.

ಮಾಸ್ತರರು ಕಿನ್ನಾಳದವರು. ಅವರ ಮನೆತನವೆಲ್ಲ ಕಟ್ಟಿಗೆಯ ಗೊಂಬೆ ಮಾಡಿ ಬಣ್ಣ ಹಾಕುವವರು. ಇವರು ನಾಲ್ಕಕ್ಷರ ಕಲಿತು, ಕುಂಚ ಬಿಟ್ಟು ಬಳಪ ಹಿಡಿದು ನಮ್ಮೂರಿಗೆ ಬಂದುಬಿಟ್ಟಿದ್ದರು. ಸುಗ್ಗಿಯಲ್ಲಿ ಊರವರು ಕೊಟ್ಟ ನೆಲ್ಲು, ದಿನಕ್ಕೊಂದು ಮನೆಯ ಊಟ, ಇಷ್ಟೇ ಅವರ ಸಂಪಾದನೆ. ಶಾಲೆಯಲ್ಲಿ ಕರಿಹಲಗೆ ಇರಲಿಲ್ಲ, ಪಾಟಿ ಇದ್ದದ್ದು ಗೌಡರ ಮಗನೊಬ್ಬನ ಹತ್ತಿರ, ಪುಸ್ತಕ ಮಾಸ್ತರರ ಹತ್ತಿರ ಒಂದೇ. ಇದ್ದದ್ದೆಲ್ಲ ಕಂಬಗಳು. ಮಾಸ್ತರರು ಕಂಬಗಳನ್ನೇ ಪುಸ್ತಕ ಮಾಡಿಕೊಂಡರು.

ಮೆಟ್ಟಿಲು ಹತ್ತುತ್ತಲೇ ಸಿಗುವ ಮೊದಲನೆಯ ಕಂಬದಲ್ಲಿ ಹನುಮಪ್ಪನಿದ್ದ. ಅದು ಅ ಆ ಇ ಈ ಕಂಬ. ಅದರ ಪಕ್ಕದ್ದರಲ್ಲಿ ಆನೆ, ಅದು ಕ ಖ ಗ ಘ. ಆಮೇಲೆ ಕೊಕ್ಕು ಮುರಿದ ಹಂಸ, ಅದು ಚ ಛ ಜ ಝ. ಜಟ್ಟಿಗಳು ಸೆಣಸುವುದು ಟ ಠ ಡ ಢ, ಮೀನು ತ ಥ ದ ಧ, ಆಕಳು ಕರು ಪ ಫ ಬ ಭ. ಎಲ್ಲಕ್ಕಿಂತ ಕೊನೆಗೆ ಹೊಳೆಯ ಕಡೆಯ ಮೂಲೆಯಲ್ಲಿ ಒಂದು ಮೋಟು ಕಂಬ. ಅದರ ಮೇಲಿನ ಅರ್ಧ ಯಾವ ಕಾಲದಲ್ಲೋ ಹೊಳೆಯ ಪಾಲಾಗಿತ್ತು. ಉಳಿದ ಅರ್ಧ ಸ್ವಲ್ಪ ವಾಲಿಕೊಂಡು ನಿಂತಿತ್ತು. ಯ ರ ಲ ವ ದಿಂದ ಳ ವರೆಗೆ ಎಲ್ಲವೂ ಪಾಪ ಅದರ ಪಾಲಿಗೆ. ಹುಣಸೆ ಬೀಜದ ಅಂಟಿನಲ್ಲಿ ಕೆಮ್ಮಣ್ಣು ಕಲಸಿ, ತಮ್ಮ ಮನೆತನದ ಕೈಗುಣ ತೋರಿಸಿ, ಮಾಸ್ತರರು ಒಂದೊಂದು ಕಂಬದ ಬುಡದಲ್ಲಿ ಅದರದರ ಅಕ್ಷರ ಬರೆದಿದ್ದರು. ಮಳೆಗಾಲದಲ್ಲಿ ಹೊಳೆ ಉಕ್ಕಿ ಮಂಟಪದೊಳಗೆ ಬಂದು ಎಲ್ಲ ತೊಳೆದುಕೊಂಡು ಹೋಗುತ್ತಿತ್ತು. ನೀರಿಳಿದ ಮೇಲೆ ಮತ್ತೆ ಬರೆಯುತ್ತಿದ್ದರು. "ಹೊಳಿನೂ ಓದಾಕ ಬರತೈತಿ, ಬ್ಯಾಡ ಅನ್ನಾಕ ಬರತೈತೇನ?" ಅನ್ನುತ್ತಿದ್ದರು.

ನಾವು ಸಾಲಾಗಿ ಒಬ್ಬರ ಹಿಂದೆ ಒಬ್ಬರು ಕಂಬಕ್ಕೆ ಬಲಗೈ ಹಚ್ಚಿ, ಸುತ್ತುತ್ತ ಅಕ್ಷರ ಹೇಳಬೇಕು. ಒಂದು ಕಂಬ ಮುಗಿಯಿತೆಂದರೆ ಮುಂದಿನದು. ಹನುಮಪ್ಪನಿಗೆ ಊರ ಹೆಂಗಸರು ಶನಿವಾರ ಶನಿವಾರ ಎಣ್ಣೆ ಸಿಂಧೂರ ಹಚ್ಚುತ್ತಿದ್ದರಿಂದ, ಅ ದಿಂದ ಅಃ ಮುಗಿಯುವಷ್ಟರಲ್ಲಿ ಅಂಗೈ ಕೆಂಪಾಗಿ ಜಿಡ್ಡಾಗಿರುತ್ತಿತ್ತು. ಅದನ್ನು ಚಡ್ಡಿಗೋ ಲಂಗಕ್ಕೋ ಒರೆಸಿಕೊಂಡೇ ಆನೆಯ ಹತ್ತಿರ ಹೋಗಬೇಕು. ಆ ಒರೆಸಿಕೊಳ್ಳುವುದೂ ಪಾಠದ ಒಂದು ಭಾಗವೇ ಆಗಿಹೋಗಿತ್ತು. ಆನೆಯ ಬೆನ್ನು ನುಣುಪು, ಜಟ್ಟಿಯ ಮೊಣಕಾಲು ಚೂಪು, ಕರುವಿನ ಮೂಗು ಬೇಸಗೆಯಲ್ಲೂ ತಂಪು. ಅಕ್ಷರಗಳು ನನ್ನ ತಲೆಗೆ ಹೋಗುವ ಮೊದಲು ಕೈಗೆ ಬಂದವು, ಕಾಲಿಗೆ ಬಂದವು.

ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರು ನನ್ನನ್ನು ಹಂಪಿ ನೋಡಲು ಕರೆದುಕೊಂಡು ಹೋದರು. ಎತ್ತ ನೋಡಿದರೂ ಕಂಬಗಳು. ಅವರು ಅರಸರ ವೈಭವ ವರ್ಣಿಸುತ್ತಿದ್ದರೆ ನಾನು ಬಾಯೊಳಗೇ ಚ ಛ ಜ ಝ ಹೇಳಿಕೊಳ್ಳುತ್ತಿದ್ದೆ. ಇಷ್ಟು ದೊಡ್ಡ ಶಾಲೆಯನ್ನು ಹೀಗೆ ಹಾಳು ಬಿಟ್ಟಿದ್ದಾರಲ್ಲ ಎಂದು ನನಗೆ ಸಂಕಟ. ಅವರಿಗೆ ಇದನ್ನು ಹೇಳಲು ಹೋಗಲಿಲ್ಲ, ಹೊಸ ಸಂಸಾರ.

ಎಲ್ಲಿಗೋ ಹೋದೆ. ಶಾಲೆಯ ಮಾತು ಹೇಳುತ್ತಿದ್ದೆನಲ್ಲ.

ನಮ್ಮ ಕಡೆ ಹೆತ್ತವಳು ಅವ್ವ, ಅಪ್ಪನ ತಾಯಿ ಅಮ್ಮ. ನಾನು ಶಾಲೆಗೆ ಹೋಗುವುದು ನಮ್ಮ ಅಮ್ಮನಿಗೆ ಸೇರುತ್ತಿರಲಿಲ್ಲ. ಮಂಟಪ ಅಂಗಳದಿಂದ ಕಾಣುತ್ತಿತ್ತು, ಕೂಗಿದರೆ ಕೇಳುತ್ತಿತ್ತು, ಅದಕ್ಕೇ ಸುಮ್ಮನಿದ್ದಳು ಅಷ್ಟೆ. "ಅಲ್ಲೇ ಕಣ್ಣ ಮುಂದ ಕಂಬ ಸುತ್ತತೈತಿ, ಸುತ್ತಲಿ. ಮುಂದ ಹೊಳಿ ದಾಟಿ ಓದಾಕ ಹೊಕ್ಕೀನಿ ಅಂದ್ರ ಕಾಲ ಮುರೀತೀನಿ," ಎಂದು ನನ್ನ ಎದುರಿಗೇ ಅಪ್ಪನಿಗೆ ಹೇಳಿಟ್ಟಿದ್ದಳು. ಅಪ್ಪ ಅವಳ ಮಾತಿಗೆ ಎದುರಾಡಿದ್ದನ್ನು ನಾನು ಕಂಡಿಲ್ಲ.

ಆ ವರ್ಷ ನಾಟಿಯ ಹೊತ್ತಿಗೆ ಸುದ್ದಿ ಬಂತು. ಸರ್ಕಾರದ ಅನುಮತಿ ಇಲ್ಲದೆ ಊರವರು ತಾವೇ ಶಾಲೆ ನಡೆಸುವಂತಿಲ್ಲ. ರಾಯಚೂರಿನಿಂದ ಸಾಹೇಬರು ತಪಾಸಣೆಗೆ ಬರುತ್ತಾರೆ. ಮಕ್ಕಳಿಗೆ ಓದು ಬಂದರೆ ಅನುಮತಿ, ಬಾರದಿದ್ದರೆ ಶಾಲೆ ಬಂದ್. ಬಂದಾದರೆ ಗಂಡುಹುಡುಗರು ಗಂಗಾವತಿಗೆ ನಡೆದುಕೊಂಡೋ, ಹರಗೋಲು ಹತ್ತಿ ಆಚೆ ದಂಡೆಗೋ ಹೋಗಿ ಕಲಿಯಬಹುದು. ನನ್ನಂಥವರ ಓದು ಅಲ್ಲಿಗೆ ಮುಗಿಯಿತು. ಇದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಮನೆಯಲ್ಲಿ ಅಮ್ಮ ಆಗಲೇ ನನ್ನ ಅಳತೆಯ ಒಂದು ಸಣ್ಣ ಕುಡುಗೋಲು ಮಾಡಿಸಿಟ್ಟಿದ್ದಳು.

ಮಾಸ್ತರರು ಹಗಲೆಲ್ಲ ನಮ್ಮನ್ನು ಕಂಬ ಸುತ್ತಿಸಿದರು. ಅಕ್ಷರ, ಕಾಗುಣಿತ, ಸಣ್ಣ ಸಣ್ಣ ಪದ. ಕಣ್ಣು ಕಟ್ಟಿ ಬಿಟ್ಟರೂ ತಪ್ಪದಂತೆ ತಯಾರಾದೆವು. ಸಾಹೇಬರು ಬರುವ ಹಿಂದಿನ ದಿನ ಮೇಲೆಲ್ಲೋ ಮಳೆಯಾಗಿ ಹೊಳೆ ಏರಿತು. ಬೆಳಿಗ್ಗೆ ಎದ್ದು ನೋಡಿದರೆ ಮಂಟಪದೊಳಗೆ ಸೊಂಟದ ಮಟ್ಟ ಕೆಂಪು ನೀರು, ಹನುಮಪ್ಪನ ಬಾಲ ಮಾತ್ರ ಕಾಣುತ್ತಿತ್ತು. ತಪಾಸಣೆ ಚಾವಡಿಯ ಮುಂದೆ ಎಂದು ಗೌಡರು ಹೇಳಿಕಳಿಸಿದರು.

ಸಾಹೇಬರು ಬಂಡಿಯಲ್ಲಿ ಬಂದರು. ಬಿಳಿ ಗಡ್ಡ, ಕರಿ ಶೇರವಾನಿ, ಮೆತ್ತಗಿನ ಮಾತು. ಹೈದರಾಬಾದ್ ಕಡೆಯವರಾದರೂ ಕನ್ನಡ ಓದುತ್ತಿದ್ದರು, ನಿಧಾನವಾಗಿ ಮಾತೂ ಆಡುತ್ತಿದ್ದರು. ಚಾವಡಿಯ ಕಟ್ಟೆಯ ಮೇಲೆ ಕುರ್ಚಿ ಹಾಕಿದ್ದರು. ಎದುರಿನ ಬಯಲಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು.

"ಹೇಳ್ರಿ ಮಕ್ಕಳಾ, ಅ ಆ ಇ ಈ," ಅಂದರು ಸಾಹೇಬರು.

ನಾವು ಬಾಯಿ ತೆರೆದೆವು, ಒಂದಕ್ಷರ ಹೊರಬರಲಿಲ್ಲ. ನನಗೆ ಆ ಗಳಿಗೆ ಇವತ್ತಿಗೂ ನೆನಪಿದೆ. ಅಕ್ಷರಗಳೆಲ್ಲ ನನ್ನೊಳಗೇ ಇದ್ದವು, ಆದರೆ ಬಲಗೈ ಗಾಳಿಯಲ್ಲಿ ತಡಕಾಡುತ್ತಿತ್ತು. ಕೆಲವರು ಒಂದೆರಡು ಹೆಜ್ಜೆ ಮುಂದೆ ಹಾಕಿ, ಸುತ್ತಲು ಏನೂ ಇಲ್ಲದೆ, ತಮ್ಮನ್ನು ತಾವೇ ಸುತ್ತಿಕೊಂಡು ನಿಂತರು. ಗೌಡರ ಮಗ ಅಳಲು ಶುರುಮಾಡಿದ.

"ಏನೂ ಕಲಿಸಿಲ್ಲೇನು ಮಾಸ್ತರ?" ಎಂದು ಸಾಹೇಬರು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

ಮಾಸ್ತರರ ಮುಖ ಸುಣ್ಣದ ಹಾಗಾಗಿತ್ತು. "ಕಲಿಸೀನ್ರಿ. ಆದ್ರ ಇವು ನಿಂತು ಹೇಳಾಂಗಿಲ್ರಿ. ಕಂಬ ಬೇಕ್ರಿ ಇವಕ್ಕ," ಅಂದರು. ತಮ್ಮ ರೀತಿಯನ್ನು ವಿವರಿಸಿದರು. ಸಾಹೇಬರು ಹೊಳೆಯ ಕಡೆ ನೋಡಿದರು, ಮುಳುಗಿದ ಮಂಟಪ ನೋಡಿದರು, ಗಡ್ಡ ಸವರಿಕೊಂಡರು. "ಕಂಬ ಎಲ್ಲಿಂದ ತರೋದು ಈಗ?"

ಆಗ ಮಾತಾಡಿದವನು ಹರಗೋಲಿನ ಹುಸೇನಸಾಬ. ಊರವರನ್ನೆಲ್ಲ ಹೊಳೆ ದಾಟಿಸುವವನು, ಬಾಗಿಲು ತುಂಬುವಂಥ ಆಳು. ಹೊಳೆ ಏರಿದ್ದರಿಂದ ಕೆಲಸವಿಲ್ಲದೆ ನೋಡಲು ಬಂದಿದ್ದ. "ಕಂಬ ಯಾಕ ತರಬೇಕ್ರಿ ಮಾಸ್ತರ, ನಾವು ನಿಂದರ್ತೀವಿ. ನಾ ಯಾವ ಕಂಬ ಆಗಲಿ ಹೇಳ್ರಿ," ಅಂದ.

ಮಾಸ್ತರರು ಸಾಹೇಬರ ಮುಖ ನೋಡಿದರು. ಸಾಹೇಬರು ಆಗಲಿ ಎಂಬಂತೆ ಕೈ ಮಾಡಿದರು. ಹುಸೇನಸಾಬನನ್ನು ನೋಡಿದ ಮೇಲೆ ಯೋಚಿಸುವುದೇನಿದೆ, ಅವನು ಆನೆ ಕಂಬವಾದ. ಮೊದಲನೆಯ ಕಂಬವಾಗಲು ಗೌಡರೇ ಕಟ್ಟೆ ಇಳಿದು ಬಂದರು. ಹನುಮಪ್ಪನ ಜಾಗದಲ್ಲಿ ಬೇರೆಯವರು ನಿಲ್ಲುವುದು ಅವರಿಗೆ ಸರಿ ಕಾಣಲಿಲ್ಲವೇನೋ. ಬಡಿಗೇರ ಹಂಸವಾದ. ಅಲ್ಲಿದ್ದವರಲ್ಲಿ ಇನ್ನೊಬ್ಬ ಜಟ್ಟಿಯಾದ, ಮತ್ತೊಬ್ಬ ಮೀನಾದ. ಕುರುಬರ ಮುದುಕ ತನ್ನ ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಆಕಳು ಕರು ಆದ. ನಾಟಿಯ ದಿನ, ಮಿಕ್ಕ ಗಂಡಸರೆಲ್ಲ ಗದ್ದೆಯಲ್ಲಿದ್ದರು. ನಮ್ಮಪ್ಪನೂ ಅಲ್ಲೇ ಇದ್ದ.

ಸಾಲಿನ ಮುಂದೆ ನಾನಿದ್ದೆ. ಹೋಗಿ ಗೌಡರ ಮೊಣಕಾಲಿಗೆ ಬಲಗೈ ಹಚ್ಚಿದೆ. ಬಾಯಿ ತಾನಾಗಿ ತೆರೆಯಿತು. ಅ, ಆ, ಇ, ಈ ಹೇಳುತ್ತ ಸುತ್ತಿ ಬಂದೆ, ಕೈಯನ್ನು ಲಂಗಕ್ಕೆ ತಿಕ್ಕಿ ಒರೆಸಿಕೊಂಡು ಆನೆಯ ಕಡೆ ನಡೆದೆ. ನನ್ನ ಹಿಂದಿನವರೂ ಹಾಗೇ, ಗೌಡರನ್ನು ಮುಟ್ಟುವುದು, ಸುತ್ತುವುದು, ಕೈ ಒರೆಸಿಕೊಳ್ಳುವುದು. ಮೂರ್ನಾಲ್ಕು ಮಕ್ಕಳಾದ ಮೇಲೆ ಗೌಡರು ತಡೆಯಲಾರದೆ ಬಗ್ಗಿ, ತಮ್ಮ ಧೋತರಕ್ಕೆ ಏನು ಹತ್ತಿದೆ ಎಂದು ನೋಡಿಕೊಂಡರು. "ಅಲುಗ್ಯಾಡಬ್ಯಾಡ್ರಿ ಗೌಡ್ರ, ಲೆಕ್ಕ ತಪ್ಪತಾವು," ಎಂದು ಹುಸೇನಸಾಬ ಬಾಯಿ ಅಲುಗದಂತೆ ಹೇಳಿದ.

ಆನೆ, ಹಂಸ, ಜಟ್ಟಿ, ಮೀನು, ಆಕಳು. ಮ ಎಂದು ಹೇಳಿ ಕುರುಬರ ಮುದುಕನನ್ನು ಬಿಟ್ಟು ನಾನು ಹೊಳೆಯ ಕಡೆಗೆ ತಿರುಗಿದೆ. ಮುಂದೆ ಯಾರೂ ಇರಲಿಲ್ಲ. ಮೋಟು ಕಂಬಕ್ಕೆ ಆಳೇ ಸಿಕ್ಕಿರಲಿಲ್ಲ. ನಾನು ನಿಂತೆ, ನನ್ನ ಹಿಂದಿನವಳು ಬಂದು ನನಗೆ ಡಿಕ್ಕಿ ಹೊಡೆದಳು, ಅವಳ ಹಿಂದೆ ಇನ್ನೊಬ್ಬ. ಸಾಲೆಲ್ಲ ಗುಡ್ಡೆಯಾಯಿತು. ಯ ಹೊರಗೆ ಬರಲೇ ಇಲ್ಲ. ಸಾಹೇಬರು ಲೇಖನಿ ಹಿಡಿದು ಕಾಯುತ್ತಿದ್ದರು. ಮಾಸ್ತರರು ತಾವೇ ಹೋಗಿ ನಿಲ್ಲೋಣವೆಂದರೆ ನೀವು ದೂರ ಇರಿ, ಹೇಳಿಕೊಟ್ಟಂತಾಗುತ್ತದೆ ಎಂದು ಸಾಹೇಬರು ಮೊದಲೇ ಹೇಳಿದ್ದರು.

ಬೇವಿನ ಗಿಡದ ಕೆಳಗೆ ಅಮ್ಮ ನಿಂತಿದ್ದಳು. ಅವಳು ಬಂದದ್ದು ನನ್ನನ್ನು ಕರೆದುಕೊಂಡು ಹೋಗಲು. ಗದ್ದೆಗೆ ಬುತ್ತಿ ಒಯ್ಯಬೇಕಿತ್ತು, ರೊಟ್ಟಿಯ ಬುಟ್ಟಿ ಅವಳ ತಲೆಯ ಮೇಲೇ ಇತ್ತು. ಹೆಂಗಸರು ಚಾವಡಿಯ ಹತ್ತಿರ ಸುಳಿಯುತ್ತಿರಲಿಲ್ಲ, ಅದರಲ್ಲೂ ಸರ್ಕಾರದವರು ಕೂತಾಗ. ಅವಳಿಗೆ ಅಕ್ಷರ ಗೊತ್ತಿಲ್ಲ, ಯ ಯಾವುದು ಳ ಯಾವುದು ತಿಳಿಯದು. ಆದರೆ ನಿಲ್ಲಲು ಒಬ್ಬರು ಕಡಿಮೆಯಾಗಿ ಮೊಮ್ಮಗಳು ಎಲ್ಲರೆದುರು ಬೆಪ್ಪಾಗಿ ನಿಂತದ್ದು ತಿಳಿಯಿತು. ನನ್ನ ಕಣ್ಣಲ್ಲಿ ನೀರು ಬಂದದ್ದೂ ಕಂಡಿರಬೇಕು.

ಬುಟ್ಟಿಯನ್ನು ಇಳಿಸಿ ಗಿಡದ ಬುಡದಲ್ಲಿಟ್ಟಳು. ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಕೋಲೂರಿಕೊಂಡು ಬಯಲಿಗೆ ಬಂದಳು.

"ಎಲ್ಲಿ ನಿಂದರಬೇಕ ನಾನು, ತೋರಸು," ಅಂದಳು ನನಗೆ.

ನಾನು ಹೊಳೆಯ ಕಡೆಯ ಮೂಲೆ ತೋರಿಸಿದೆ. ಬೆನ್ನು ಬಾಗಿದ ಗಿಡ್ಡ ದೇಹ, ಕೋಲಿನ ಕಡೆ ಸ್ವಲ್ಪ ವಾಲಿಕೊಂಡು ನಿಂತಳು. ಅದಕ್ಕಿಂತ ಸರಿಯಾದ ಮೋಟು ಕಂಬ ಹುಡುಕಿದರೂ ಸಿಗುತ್ತಿರಲಿಲ್ಲ. ನಾನು ಅವಳ ಸೊಂಟಕ್ಕೆ ಕೈ ಹಚ್ಚಿ ಯ ರ ಲ ವ ಹೇಳುತ್ತ ಸುತ್ತಿದೆ, ಳ ಎಂದು ನಿಲ್ಲಿಸಿದೆ.

ಅಲ್ಲಿಗೆ ಮುಗಿಯಲಿಲ್ಲ. ಒಬ್ಬೊಬ್ಬರಾಗಿ ಎಲ್ಲ ಮಕ್ಕಳೂ ಸುತ್ತಬೇಕು, ಆಮೇಲೆ ಕಾಗುಣಿತ. ಮೋಡ ಸರಿದು ಮಳೆಗಾಲದ ಬಿಸಿಲು ಚುರುಗುಟ್ಟತೊಡಗಿತು. ಕಂಬಗಳು ಬೆವರಿದವು. ಸಾಹೇಬರಿಗೇ ಕನಿಕರ ಬಂದು, "ಮಾಜೀ, ನೀವು ಕುಂದ್ರಿ ಸ್ವಲ್ಪ," ಅಂದರು.

"ಕಂಬ ಕುಂದರತಾವೇನ್ರಿ?" ಅಂದಳು ಅಮ್ಮ, ಸೆರಗಿನೊಳಗಿನಿಂದಲೇ.

ಸಾಹೇಬರು ನಕ್ಕರು, ಕುರ್ಚಿ ಬಿಟ್ಟು ಎದ್ದು ಕೆಳಗೆ ಬಂದರು. ಬಾಯಿಪಾಠವೋ ನಿಜವಾದ ಕಲಿಕೆಯೋ ನೋಡಬೇಕೆಂದು, ತಮ್ಮ ಬೆತ್ತದಿಂದ ನೆಲದ ಮೇಲೆ ಒಂದಕ್ಷರ ಬರೆದು ಯಾವುದು ಎಂದು ಕೇಳಿದರು. ಮ ಬರೆದರು. ಕೇಳಿಸಿಕೊಂಡ ಹುಡುಗ ಓಡಿಹೋಗಿ ಕುರುಬರ ಮುದುಕನನ್ನು ಹಿಡಿದುಕೊಂಡು "ಮ" ಎಂದು ಕೂಗಿದ. ಗ ಬರೆದರು, ಇನ್ನೊಬ್ಬ ಹುಸೇನಸಾಬನ ಕಾಲಿಗೆ ಜೋತುಬಿದ್ದ. ಗೌಡರ ಮಗ ಎ ನೋಡಿ ಅಪ್ಪನನ್ನು ತಬ್ಬಿಕೊಂಡು, ಮರೆಯದೆ ಕೈ ಒರೆಸಿಕೊಂಡ. ಕೊನೆಗೆ ನನ್ನ ಸರದಿ ಬಂದಾಗ ಸಾಹೇಬರು ಬರೆದದ್ದು ಳ. ನಾನು ಹೋಗಿ ಅಮ್ಮನನ್ನು ಹಿಡಿದುಕೊಂಡೆ. ಸೆರಗಿನ ಒಳಗೆ ಅವಳ ಮೈ ಬಿಸಿಲಿಗೆ ಕಾದು ನಡುಗುತ್ತಿತ್ತು.

"ಸಾಲಿ ಇರಲಿ," ಅಂದರು ಸಾಹೇಬರು. "ಮಾಸ್ತರ, ಹುಡುಗ್ರಿಗೆ ನಿಂತು ಓದೋದೂ ಕಲಸ್ರಿ. ಪ್ರತಿ ಸಲ ಇಷ್ಟು ಜನ ಎಲ್ಲಿಂದ ತರತೀರಿ?"

ಶಾಲೆ ಉಳಿಯಿತು. ನಿಂತು ಓದುವುದನ್ನು ಮಾಸ್ತರರು ಕಲಿಸಿದರೋ ಇಲ್ಲವೋ, ನಾನಂತೂ ಕಲಿಯಲಿಲ್ಲ. ಆ ದಿನ ಬುತ್ತಿ ತಡವಾಗಿ ಹೋಯಿತು, ಹಸಿದವರು ಗೊಣಗಿದರು, ಅಮ್ಮ ಯಾರಿಗೂ ಕಾರಣ ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಆಮೇಲೆ ಎಷ್ಟೋ ದಿನ ಮಕ್ಕಳು ಬಾವಿಕಟ್ಟೆಯ ಹತ್ತಿರ ಅವಳನ್ನು ಕಂಡರೆ ಸುತ್ತು ಹಾಕಿ ಯ ರ ಲ ವ ಹೇಳುತ್ತಿದ್ದರು. ಅವಳು ಕೋಲೆತ್ತಿ ಬೆದರಿಸುತ್ತಿದ್ದಳು, ಆದರೆ ಅವರು ಳ ಎನ್ನುವವರೆಗೆ ಜಾಗ ಬಿಟ್ಟು ಕದಲುತ್ತಿರಲಿಲ್ಲ.

ನಿಮಗೆ ಅಕ್ಷರ ಕಲಿಸಿದ ಗುರುಗಳು ಯಾರು ಎಂದು ಯಾರಾದರೂ ಕೇಳಿದರೆ ಒಂದು ಹೆಸರು ಹೇಳಿ ಮುಗಿಸಲು ನನಗಾಗುವುದಿಲ್ಲ. ಕಿನ್ನಾಳದ ಮಾಸ್ತರರಿಗೆ ಮೊದಲ ನಮಸ್ಕಾರ. ಆಮೇಲೆ ಗೌಡರಿದ್ದಾರೆ, ಹುಸೇನಸಾಬನಿದ್ದಾನೆ, ಬಡಿಗೇರನಿದ್ದಾನೆ, ಮರಿ ಹಿಡಿದ ಮುದುಕನಿದ್ದಾನೆ. ಅವರಲ್ಲಿ ಬಹಳ ಮಂದಿಗೆ ತಮ್ಮ ಹೆಸರು ಬರೆಯಲೂ ಬರುತ್ತಿರಲಿಲ್ಲ. ನಮಗಾಗಿ ಆ ಬಿಸಿಲಲ್ಲಿ ಅಲುಗದೆ ನಿಂತರಲ್ಲ, ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಎದೆ ತುಂಬಿ ಬರುತ್ತದೆ. ಆ ಋಣವನ್ನು ಹೇಗೆ ತೀರಿಸುವುದೋ ತಿಳಿಯದೆ, ಕಲಿಸುತ್ತ ಆಯುಷ್ಯ ಕಳೆದೆ.

ನಮ್ಮ ಶಾಲೆ ಇದ್ದದ್ದು ನಾಲ್ಕನೇ ಇಯತ್ತೆಯವರೆಗೆ. ಕೆಲವು ವರ್ಷಗಳಲ್ಲಿ ನನ್ನದು ಮುಗಿಯಿತು. ಮುಂದಿನ ಕನ್ನಡ ಶಾಲೆ ಹೊಳೆಯ ಆಚೆ, ಬಳ್ಳಾರಿ ಸೀಮೆಯಲ್ಲಿ. ಮಾಸ್ತರರು ಮನೆಗೆ ಬಂದು ಹುಡುಗಿ ಚುರುಕಿದ್ದಾಳೆ, ಕಳಿಸಿ ಎಂದು ಕೇಳಿಕೊಂಡು ಹೋದರು. ಹುಸೇನಸಾಬ ದಿನಾ ಹೋಗಿ ಬರುವ ಮಕ್ಕಳ ಜೊತೆ ನನ್ನನ್ನೂ ದಾಟಿಸುತ್ತೇನೆ ಅಂದಿದ್ದ. ಅಮ್ಮ ಮೂಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತಿರಲಿಲ್ಲ. ಅವಳ ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ನಾನು ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತೆ.

ಅಪ್ಪ, ಅವಳಿಗೆ ಹಿತವಾಗಲೆಂದೇ, ಮೊದಲೇ ಹೇಳಿಬಿಟ್ಟ: "ಸಾಕ ಬಿಡು. ಹೆಣ್ಣು ಹುಡುಗಿ, ಇಷ್ಟ ಕಲ್ತಿದ್ದು ಭಾಳ ಆತು. ಇನ್ನ ಮನ್ಯಾಗ ಇರಲಿ."

ಅಮ್ಮ ಮೊರವನ್ನು ಕೆಳಗಿಟ್ಟಳು.

"ಅಷ್ಟೊತ್ತು ಉರಿಬಿಸಲಾಗ ನಿಂತಾಕಿ ನಾನು," ಅಂದಳು. "ಈಕಿನ್ನ ಮನ್ಯಾಗ ಕುಂದರಸಾಕ ನಿಂತಿದ್ನೇನ?"

ಅಪ್ಪ ಅವಳನ್ನು ನೋಡಿದ. ಎದ್ದು, ಚಪ್ಪಲಿ ಮೆಟ್ಟಿ, ಹೊಳೆಯ ಕಡೆ ನಡೆದ. ನಾಳೆಯಿಂದ ಹರಗೋಲಿನಲ್ಲಿ ಇನ್ನೊಬ್ಬಳಿಗೆ ಜಾಗ ಇರಲಿ ಎಂದು ಹುಸೇನಸಾಬನಿಗೆ ಹೇಳಿಬಂದ.